ಫೋನ್ ಮುದುಕ ಆತೋ, ನಾವೇ ಮಾಡಿದ್ವೋ?

ಕಲಘಟಗಿ ತಾಲ್ಲೂಕಿನ ತಂಬೂರ ನಮ್ಮೂರು. 2020ರ ಆಗಸ್ಟ್‌ನಲ್ಲಿ, ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳಲಿ ಅಂತ ರಾಜ್ಯ ಸರ್ಕಾರ ಆ್ಯಪ್ ಬಿಟ್ಟಿತು. ಹೊಲದಲ್ಲೇ ನಿಂತು ಗೋವಿನಜೋಳದ ಫೋಟೊ ತೆಗೆದು ಕಳಿಸಬೇಕು. ಅಪ್ಪನ ಫೋನು ಆ್ಯಪ್ ತೆರೆಯೋದ್ರೊಳಗೆ ಬಿಸಿಯಾಗಿ ಬಂದ್! ‘ನಾಕ ವರ್ಷಕ್ಕ ಮುದುಕ ಆತೇನಪಾ ಇದು?’ ಅಂದ ಅಪ್ಪ. ಬೆಳೆ ವಿಮೆ, ಪರಿಹಾರಕ್ಕೆಲ್ಲ ಈ ದಾಖಲೆ ಬೇಕು. ಕೊನೆಗೆ ಪಕ್ಕದ ಹೊಲದವರ ಫೋನ್ ಇಸ್ಕೊಂಡು ಕೆಲಸ ಮುಗಿಸಿದ್ವಿ.

ಕಂಪನಿಗಳು ಬೇಕಂತಲೇ ಹೀಗೆ ಮಾಡ್ತಾವಾ? ಈ ಅನುಮಾನಕ್ಕೆ ನೂರು ವರ್ಷದ ಇತಿಹಾಸ ಇದೆ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಸೇರಿ ‘ಫೀಬಸ್’ ಅನ್ನೋ ಕೂಟ ಕಟ್ಟಿದವು. ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದವು. ಅದಕ್ಕಿಂತ ಹೆಚ್ಚು ಉರಿಯೋ ಬಲ್ಬ್ ಮಾಡಿದ ಕಂಪನಿಗೇ ದಂಡ!

ಫೋನಿನ ಕಥೆ ಅಷ್ಟು ನೇರ ಇಲ್ಲ. ಬ್ಯಾಟರಿ ಸವೆದ ಐಫೋನ್‌ಗಳನ್ನು ತಾನೇ ನಿಧಾನ ಮಾಡಿದ್ದಾಗಿ 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಲಿಥಿಯಂ ಬ್ಯಾಟರಿ ಹಳತಾದಂತೆ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು, ಫೋನ್ ಥಟ್ಟನೆ ಆರಿಹೋಗುತ್ತೆ, ಅದನ್ನು ತಡೆಯೋಕೆ ಹೀಗೆ ಮಾಡಿದ್ವಿ ಅಂದಿತು. ಆ ಕಾರಣ ಸುಳ್ಳಲ್ಲ. ಆದರೆ ಬ್ಯಾಟರಿ ಬದಲಿಸಿದ್ರೆ ಸಾಕು ಅನ್ನೋದನ್ನ ಗಿರಾಕಿಗೆ ಹೇಳಲಿಲ್ಲ. ಎಷ್ಟೋ ಜನ ಹೊಸ ಫೋನನ್ನೇ ಕೊಂಡಿದ್ರು. ಗಿರಾಕಿಗೆ ತಿಳಿಸಲಿಲ್ಲ ಅಂತಲೇ 2020ರ ಫೆಬ್ರುವರಿಯಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು.

ನಮ್ಮ ಅಗ್ಗದ ಆ್ಯಂಡ್ರಾಯ್ಡ್‌ಗಳ ಕಷ್ಟ ಬೇರೆ. ಆ್ಯಪ್‌ಗಳು ವರ್ಷವರ್ಷ ದಪ್ಪ ಆಗ್ತಾವೆ, ಫೋನಿನ ಮೆಮೊರಿ ಅಷ್ಟೇ ಇರುತ್ತೆ. ಸ್ಟೋರೇಜ್ ತುಂಬಿದ್ರೆ ಫೋನ್ ತೆವಳುತ್ತೆ. ಅಪ್‌ಡೇಟ್ ನಿಂತ್ರೆ ಆ್ಯಪ್‌ಗಳೇ ಕೈಬಿಡ್ತಾವೆ. 2021ರ ನವೆಂಬರ್ 1ರಿಂದ ಆ್ಯಂಡ್ರಾಯ್ಡ್ 4.0.4 ಮತ್ತು ಅದಕ್ಕಿಂತ ಹಳೆಯ ಫೋನ್‌ಗಳನ್ನು ವಾಟ್ಸಾಪ್ ಹೀಗೇ ಬಿಟ್ಟಿತು. ಫೋನ್ ಕೆಟ್ಟಿರಲಿಲ್ಲ, ಆದರೂ ಉಪಯೋಗಕ್ಕಿಲ್ಲ.

ಕಾನೂನು ಈಗ ಎಚ್ಚೆತ್ತಿದೆ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು.

ಅಪ್ಪನ ಫೋನಿಗೆ ಆಮೇಲೆ ಹುಬ್ಬಳ್ಳಿಯಲ್ಲಿ ಬ್ಯಾಟರಿ ಹಾಕಿಸಿದೆ, ಫೋಟೊಗಳನ್ನು ಕಾರ್ಡಿಗೆ ಸಾಗಿಸಿ ರೀಸೆಟ್ ಮಾಡಿದೆ. ಭದ್ರತಾ ಅಪ್‌ಡೇಟ್ ಬರಲ್ಲ, ಅದಕ್ಕೆ ಅದರಲ್ಲಿ ಬ್ಯಾಂಕ್ ಆ್ಯಪ್ ಇಟ್ಟಿಲ್ಲ. ಮಾತು, ಹಾಡು, ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚ್, ಇಷ್ಟಕ್ಕೆ ಚಲೋ ನಡೀತದ. ಮುಂದಿನ ಸಲ ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋಕೆ ಮೊದಲು, ‘ಅಪ್‌ಡೇಟ್ ಎಷ್ಟು ವರ್ಷ ಕೊಡ್ತೀರಿ?’ ಅಂತ ಕೇಳ್ರಿ.