ಡನ್‌ಬ್ಲೇನ್‌ನ ಪರವಾನಗಿ ಕಡತ

1996ರ ಮಾರ್ಚ್ 13ರ ಬೆಳಗ್ಗೆ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಊರಿನ ಪ್ರಾಥಮಿಕ ಶಾಲೆಗೆ ಒಬ್ಬ ನುಗ್ಗಿದ. ಅವನ ಹತ್ತಿರ ನಾಲ್ಕು ಕೈಬಂದೂಕುಗಳೂ ಏಳುನೂರಕ್ಕೂ ಹೆಚ್ಚು ಗುಂಡುಗಳೂ ಇದ್ದವು. ವ್ಯಾಯಾಮದ ಹಾಲಿನಲ್ಲಿ ಒಂದನೇ ತರಗತಿಯ ಮಕ್ಕಳು ಆಗಷ್ಟೇ ಸೇರಿದ್ದರು. ಮೂರು-ನಾಲ್ಕು ನಿಮಿಷಗಳೊಳಗೆ 16 ಮಕ್ಕಳೂ ಅವರ ಶಿಕ್ಷಕಿಯೂ ಪ್ರಾಣ ಕಳೆದುಕೊಂಡರು. ಕೊಂದವನು ಕೊನೆಗೆ ತನಗೇ ಗುಂಡು ಹಾರಿಸಿಕೊಂಡ. ಅವನ ಹೆಸರಿಗೆ ಇಲ್ಲಿ ಜಾಗ ಬೇಡ. ಅವನ ಬಂದೂಕುಗಳ ಮಾತು ಮಾತ್ರ ಆಡಲೇಬೇಕು, ಏಕೆಂದರೆ ಅವು ಕದ್ದ ಮಾಲಲ್ಲ, ಪೊಲೀಸ್ ಪರವಾನಗಿ ಪಡೆದವು. ಶಾಲೆಯ ಸುರಕ್ಷತೆ ಎಂದೊಡನೆ ನಮ್ಮ ಗಮನ ಗೇಟು, ಬೀಗ, ಕಾವಲುಗಾರರ ಕಡೆ ಓಡುತ್ತದೆ. ಆದರೆ ಡನ್‌ಬ್ಲೇನ್‌ನ ಮಕ್ಕಳನ್ನು ಉಳಿಸಬಹುದಾಗಿದ್ದ ಜಾಗ ಶಾಲೆಯಿಂದ ದೂರದಲ್ಲಿತ್ತು. ಅದು ಬಂದೂಕಿನ ಅರ್ಜಿಗೆ ಸಹಿ ಬೀಳುವ ಮೇಜು.

ಆ ಮೇಜು ಬ್ರಿಟನ್ನಿಗೆ ಅನಾದಿ ಕಾಲದಿಂದ ಬಂದದ್ದೇನಲ್ಲ. 1689ರ ಹಕ್ಕುಗಳ ಶಾಸನ ಪ್ರಾಟೆಸ್ಟೆಂಟ್ ಪ್ರಜೆಗಳಿಗೆ ಆತ್ಮರಕ್ಷಣೆಯ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿತ್ತು. 1870ರಲ್ಲಿ ಪರವಾನಗಿ ಬಂತಾದರೂ ಅದು ಹೆಸರಿಗಷ್ಟೇ: ಅಂಚೆ ಕಚೇರಿಯಲ್ಲಿ ಹತ್ತು ಶಿಲ್ಲಿಂಗ್ ಕಟ್ಟಿದರೆ ಯಾರಿಗಾದರೂ ಸಿಗುತ್ತಿತ್ತು. ಮೊದಲ ಮಹಾಯುದ್ಧ ಮುಗಿದು, ಸೈನಿಕರೊಂದಿಗೆ ಬಂದೂಕುಗಳೂ ಮನೆಗೆ ಬಂದು, ರಷ್ಯಾದ ಕ್ರಾಂತಿಯ ಭಯ ಆಳುವವರನ್ನು ಹಿಡಿದಾಗ 1920ರ ಕಾಯ್ದೆ ಹುಟ್ಟಿತು. ಅಲ್ಲಿಂದ ಮುಂದೆ ಬಂದೂಕು ಬೇಕೆಂದವನು ತಕ್ಕ ಕಾರಣ ಕೊಡಬೇಕು, ಅವನು ಯೋಗ್ಯನೇ ಎಂದು ಸ್ಥಳೀಯ ಪೊಲೀಸ್ ಮುಖ್ಯಸ್ಥ ತೀರ್ಮಾನಿಸಬೇಕು. ಹಕ್ಕಾಗಿದ್ದದ್ದು ಅನುಮತಿಯಾಯಿತು. ಮಕ್ಕಳ ರಕ್ಷಣೆಗೆಂದು ಮಾಡಿದ ಕಾಯ್ದೆ ಅದಲ್ಲ, ಸರ್ಕಾರ ತನ್ನ ರಕ್ಷಣೆಗೆ ಮಾಡಿಕೊಂಡದ್ದು. ಆದರೂ ಯಾರ ಕೈಗೆ ಬಂದೂಕು ಹೋಗುತ್ತಿದೆ ಎಂದು ಮೊದಲೇ ಕೇಳುವ ಪದ್ಧತಿ ಅದರಿಂದಲೇ ನೆಲೆಯೂರಿತು.

1996ರಲ್ಲಿ ಸೋತದ್ದು ಈ ಪದ್ಧತಿ. ನ್ಯಾಯಮೂರ್ತಿ ಲಾರ್ಡ್ ಕಲನ್ ಅವರ ವಿಚಾರಣೆಯಲ್ಲಿ ಹೊರಬಂದ ವಿವರಗಳು ಇಂದಿಗೂ ಸಂಕಟ ಹುಟ್ಟಿಸುತ್ತವೆ. 1974ರಷ್ಟು ಹಿಂದೆಯೇ ಸ್ಕೌಟ್ ಸಂಸ್ಥೆ ಆ ಮನುಷ್ಯನನ್ನು ಹೊರಹಾಕಿತ್ತು. ಆಮೇಲೆ ಅವನು ಹುಡುಗರಿಗಾಗಿ ನಡೆಸುತ್ತಿದ್ದ ಕ್ಲಬ್ಬುಗಳ ಬಗ್ಗೆ ಹೆತ್ತವರು ಮತ್ತೆ ಮತ್ತೆ ದೂರಿದ್ದರು. 1991ರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಅವನ ವರ್ತನೆಯನ್ನು ಕಂಡು, ಪರವಾನಗಿ ರದ್ದು ಮಾಡುವುದನ್ನು ಗಂಭೀರವಾಗಿ ಯೋಚಿಸಬೇಕೆಂದು ಮೇಲಿನವರಿಗೆ ಬರೆದಿದ್ದರು. ಆ ಟಿಪ್ಪಣಿಯ ಮೇಲೆ ಕ್ರಮವಾಗಲಿಲ್ಲ. 1992ರಲ್ಲಿ ಪರವಾನಗಿ ನವೀಕರಣವಾಯಿತು, 1995ರಲ್ಲಿ ಮತ್ತೊಮ್ಮೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು. ಆ ಚೂರುಗಳನ್ನು ಜೋಡಿಸಿ ನೋಡಬೇಕಾದ ಮೇಜಿನಲ್ಲಿ, ನಿರಾಕರಿಸಲು ಸಾಕಷ್ಟು ಪುರಾವೆ ಇಲ್ಲವೆಂಬ ಅಳುಕು ಗೆದ್ದಿತು.

ಊರಿನವರೂ ಅವರ ಸ್ನೇಹಿತರೂ ಸೇರಿ, ಮಾರ್ಚ್‌ನಲ್ಲಿ ಅಲ್ಲಿ ಅರಳುವ ಬಿಳಿ ಹೂವಾದ ಸ್ನೋಡ್ರಾಪ್ ಹೆಸರಿನಲ್ಲಿ ಕೈಬಂದೂಕು ನಿಷೇಧಕ್ಕಾಗಿ ಸಹಿ ಸಂಗ್ರಹ ಶುರುಮಾಡಿದರು. ಏಳು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕಲನ್ ವರದಿ ನೇರವಾಗಿ ಪೂರ್ಣ ನಿಷೇಧ ಕೇಳಿರಲಿಲ್ಲ. ಮನೆಯಲ್ಲಿಡುವ ಪಿಸ್ತೂಲಿನ ಭಾಗ ಕಳಚಿಡುವಂಥ ಉಪಾಯಗಳನ್ನು ಮೊದಲು ನೋಡಿ, ಅದಾಗದಿದ್ದರೆ ನಿಷೇಧ ಎಂದಿತ್ತು. ಸಾರ್ವಜನಿಕ ಒತ್ತಾಯ ಅದಕ್ಕಿಂತ ಮುಂದೆ ಹೋಯಿತು. 1997ರಲ್ಲಿ ಒಂದರ ಹಿಂದೊಂದು ಬಂದ ಎರಡು ತಿದ್ದುಪಡಿ ಕಾಯ್ದೆಗಳು ಖಾಸಗಿ ಕೈಬಂದೂಕುಗಳನ್ನು ಬಹುತೇಕ ಇಲ್ಲವಾಗಿಸಿದವು. ಜನ ಒಂದೂವರೆ ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ಪರಿಹಾರ ಪಡೆದು ಒಪ್ಪಿಸಿದರು.

ಒಬ್ಬನ ಪಾಪಕ್ಕೆ ಸಾವಿರಾರು ನಿರಪರಾಧಿ ಕ್ರೀಡಾಪಟುಗಳಿಗೆ ಶಿಕ್ಷೆಯೇ ಎಂಬ ಆಕ್ಷೇಪ ಆಗ ಬಲವಾಗಿಯೇ ಕೇಳಿಬಂತು. ಅವರ ನಷ್ಟ ನಿಜ. ಪಿಸ್ತೂಲು ಸ್ಪರ್ಧಿಗಳು ಅಭ್ಯಾಸಕ್ಕೆ ಹೊರದೇಶಕ್ಕೆ ಹೋಗಬೇಕಾಯಿತು, 2012ರ ಲಂಡನ್ ಒಲಿಂಪಿಕ್ಸ್‌ಗೆ ವಿಶೇಷ ವಿನಾಯಿತಿ ಬೇಕಾಯಿತು. ಆದರೆ ಒಂದು ಹವ್ಯಾಸದ ನಷ್ಟವನ್ನೂ ಐದಾರು ವರ್ಷದ ಮಕ್ಕಳ ಜೀವವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ನಿಷೇಧದ ನಂತರವೂ ಕೆಲವು ವರ್ಷ ಪಿಸ್ತೂಲಿನ ಅಪರಾಧ ಏರಿತಲ್ಲ ಎನ್ನುವವರೂ ಇದ್ದಾರೆ. ಹೌದು, ಏರಿತು. ಕಳ್ಳಸಾಗಣೆಯ ಪಿಸ್ತೂಲಿಗೆ ಬೇರೆ ಮದ್ದು ಬೇಕಿತ್ತು. ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ ಐದು ವರ್ಷ ಜೈಲು ಎಂಬ ನಿಯಮ 2003ರ ಕಾಯ್ದೆಯಲ್ಲಿ ಬಂತು. 1997ರ ಕಾಯ್ದೆ ಗುರಿಯಿಟ್ಟದ್ದು ಪರವಾನಗಿ ಪಡೆದ ಆಯುಧ ಶಾಲೆಯೊಳಕ್ಕೆ ಬರುವ ದಾರಿಗೆ. ಇನ್ನು, 2021ರಲ್ಲಿ ಪ್ಲಿಮತ್ ನಗರದಲ್ಲಿ ಪರವಾನಗಿಯ ಶಾಟ್‌ಗನ್ನಿನಿಂದಲೇ ಐವರ ಕೊಲೆಯಾಯಿತು, ಕಾಯ್ದೆಯಿಂದ ಏನು ಉಪಯೋಗ ಎಂದರೆ, ಆ ಘಟನೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಹಲ್ಲೆಯ ಆರೋಪದ ಮೇಲೆ ಕಿತ್ತುಕೊಂಡಿದ್ದ ಬಂದೂಕನ್ನು ಪೊಲೀಸರು ಕೊಲೆಗೆ ಕೆಲವೇ ವಾರಗಳ ಮುಂಚೆ ಆ ಕೊಲೆಗಾರನಿಗೆ ಮರಳಿಸಿದ್ದರು. ಮತ್ತದೇ ಮೇಜು, ಅದೇ ಸೋಲು.

ಗೇಟನ್ನೇ ಭದ್ರಮಾಡಿದರೆ ಸಾಲದೇ? ಕಲನ್ ಸಹ ಪ್ರತಿ ಶಾಲೆಗೂ ಸುರಕ್ಷತಾ ಯೋಜನೆ ಬೇಕೆಂದರು, ಅದು ಬೇಕು ಕೂಡ. ಆದರೆ ಅಮೆರಿಕದ ಅನುಭವ ನೋಡಿ. 1999ರಲ್ಲಿ ಕೊಲಂಬೈನ್ ಶಾಲೆಗೆ ಸಶಸ್ತ್ರ ಪೊಲೀಸನೊಬ್ಬ ನಿಯುಕ್ತನಾಗಿದ್ದರೂ ಹತ್ಯಾಕಾಂಡ ತಪ್ಪಲಿಲ್ಲ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯ ಮುಂಬಾಗಿಲಿಗೆ ಬೀಗ ಬಿದ್ದಿತ್ತು. ಬಂದವನು ಪಕ್ಕದ ಗಾಜಿಗೆ ಗುಂಡು ಹೊಡೆದು ಒಳಬಂದು 20 ಮಕ್ಕಳನ್ನೂ ಆರು ಮಂದಿ ದೊಡ್ಡವರನ್ನೂ ಕೊಂದ. 2022ರಲ್ಲಿ ಯುವಾಲ್ಡೆಯ ಶಾಲೆಗೆ ನೂರಾರು ಪೊಲೀಸರು ಬಂದೂ, ಹಂತಕನಿದ್ದ ಕೋಣೆಯೊಳಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಂದೂಕು ಬಾಗಿಲ ತನಕ ಬಂದ ಮೇಲೆ ಉಳಿಯುವುದು ನಿಮಿಷಗಳ ಲೆಕ್ಕ. ಪರವಾನಗಿಯ ಮೇಜಿನಲ್ಲಿ ವರ್ಷಗಳ ಕಾಲಾವಕಾಶ ಇರುತ್ತದೆ. ಡನ್‌ಬ್ಲೇನ್‌ನಲ್ಲಿ ಆ ಟಿಪ್ಪಣಿ ಬರೆದ ದಿನದಿಂದ ನಾಲ್ಕು ವರ್ಷಕ್ಕೂ ಹೆಚ್ಚು ಇತ್ತು.

ಮಕ್ಕಳು ಸತ್ತ ಆ ವ್ಯಾಯಾಮದ ಹಾಲನ್ನು 1996ರ ಏಪ್ರಿಲ್‌ನಲ್ಲಿ ಕೆಡವಿದರು. ಶಾಲೆ ಈಗಲೂ ನಡೆಯುತ್ತಿದೆ. ಅಂಥ ಹತ್ಯಾಕಾಂಡ ಬ್ರಿಟನ್ನಿನ ಯಾವ ಶಾಲೆಯಲ್ಲೂ ಆಮೇಲೆ ನಡೆದಿಲ್ಲ.