ವಾಸನೆ ಎಂಬ ಮಾತು, ದುರ್ವಾಸನೆ ಎಂಬ ಮರ

ಮೂಗಿನ ಮಾತುಗಳ ಹಣೆಬರಹವೇ ಬೇರೆ. ಹುಟ್ಟುವಾಗ ಕಂಪಿನ ಮನೆಯಲ್ಲಿ ಹುಟ್ಟಿದವೂ ವಯಸ್ಸಾದಂತೆ ಕೊಳೆಯ ಕಡೆಗೆ ಜಾರುತ್ತವೆ. ನಮ್ಮ ‘ವಾಸನೆ’ಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ‘ವಾಸ್’ ಎಂದರೆ ಪರಿಮಳ ಕಟ್ಟುವುದು, ‘ವಸ್’ ಎಂದರೆ ನೆಲೆಸುವುದು. ಎರಡಕ್ಕೂ ಬೇರು ಒಂದೇ ಹೌದೋ ಅಲ್ಲವೋ ಎಂಬ ತಕರಾರನ್ನು ವೈಯಾಕರಣರಿಗೆ ಬಿಟ್ಟರೂ, ‘ವಾಸನಾ’ದ ಮೇಲೆ ಎರಡರ ನೆರಳೂ ಬಿದ್ದಿರುವುದು ಕಾಣುತ್ತದೆ. ಹೂವಿನ ನಡುವೆ ಇರಿಸಿದ ಎಳ್ಳು ಹೂವನ್ನು ತೆಗೆದಮೇಲೂ ಅದರ ಕಂಪನ್ನು ಬಿಡದ ಹಾಗೆ, ಕರ್ಮ ಮುಗಿದಮೇಲೂ ಚಿತ್ತದಲ್ಲಿ ಉಳಿದುಕೊಂಡದ್ದನ್ನು ದಾರ್ಶನಿಕರು ವಾಸನೆ ಎಂದರು.

ಕನ್ನಡಕ್ಕೆ ಬಂದಮೇಲೆ ಈ ಪದ ಕವಲೊಡೆದ ಪರಿ ಸೊಗಸಾದುದು. ‘ಪೂರ್ವಜನ್ಮದ ವಾಸನೆ’ ಎನ್ನುವಾಗ ಅದು ಸಂಸ್ಕಾರ, ‘ಪೊಲೀಸರಿಗೆ ವಾಸನೆ ಹತ್ತಿತು’ ಎನ್ನುವಾಗ ಸುಳಿವು, ‘ಅವನಿಗೆ ಓದಿನ ವಾಸನೆಯೇ ಇಲ್ಲ’ ಎನ್ನುವಾಗ ಲವಲೇಶದ ಪರಿಚಯ, ‘ಅನ್ನ ವಾಸನೆ ಬಂದಿದೆ’ ಎಂದರೆ ಮಾತ್ರ ಅದು ಹಳಸಿದೆ ಎಂದೇ ಅರ್ಥ. ವಿಶೇಷಣವಿಲ್ಲದ ಬರಿಯ ವಾಸನೆ ಇಂದು ಕೆಟ್ಟ ವಾಸನೆಯೇ; ಒಳ್ಳೆಯದಾಗಬೇಕಾದರೆ ಹಿಂದೆ ಒಂದು ‘ಸು’ ಬೇಕು, ಇಲ್ಲವೇ ಘಮ, ಪರಿಮಳ, ಕಂಪುಗಳ ಮೊರೆಹೋಗಬೇಕು. ಅಚ್ಚಗನ್ನಡದ ‘ನಾಱು’ವಿನ ಗತಿಯೂ ಇದೇ. ಅದರ ಸೋದರ ತಮಿಳಿನ ‘ನಾಱ್ಱಂ’ ಹಳೆಯ ಕಾವ್ಯಗಳಲ್ಲಿ ಹೂವಿನ ಕಂಪಾಗಿತ್ತು, ಈಗ ಚರಂಡಿಯದ್ದು. ನಮ್ಮ ‘ನಾತ’ವೂ ಆ ಬಳಗದ್ದೇ. ಶಕಟರೇಫ ಅಳಿದಮೇಲೆ ಮೂಸುವ ನಾಱು, ಹೊಸೆಯುವ ನಾರು ಎರಡೂ ಬರವಣಿಗೆಯಲ್ಲಿ ಒಂದಾಗಿ, ಹೂವಿನ ಜೊತೆ ಸ್ವರ್ಗಕ್ಕೆ ಹೋದ ನಾರು ಯಾವುದು ಎಂದು ತುಂಟ ಹುಡುಗರು ಕೇಳಲು ಎಡೆಯಾಯಿತು.

ಗಡಿ ದಾಟಿ ಮುಂಬಯಿಗೆ ಹೋದರೆ ಇನ್ನೂ ಮಜ. ಮೂಗು, ಮೂಸುವಿಕೆ ಎಂಬ ಅರ್ಥದ ಸಂಸ್ಕೃತದ ‘ಘ್ರಾಣ’ ಮರಾಠಿಯಲ್ಲಿ ‘ಘಾಣ್’ ಆಗಿ ದುರ್ನಾತಕ್ಕೂ ಹೊಲಸಿಗೂ ಹೆಸರಾಗಿದೆ. ನಮ್ಮಲ್ಲಿ ತೇಯ್ದು ಹಣೆಗೆ ಹಚ್ಚುವ ‘ಗಂಧ’ಕ್ಕೆ ದಾಯಾದಿಯಾದ ಪಾರಸಿಯ ‘ಗಂದ್’ ದುರ್ನಾತವಾಗಿ, ಅದರಿಂದ ಬಂದ ‘ಗಂದಾ’ ಲೋಕಲ್ ರೈಲಿನಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಮರಾಠಿಯವರಿಗೆ ಮೂಗಿನದು ‘ವಾಸ’, ಮನಸ್ಸಿನದು ‘ವಾಸನಾ’, ಅದೂ ಬಹುತೇಕ ಕಾಮವೇ. ಮಾಟುಂಗದಲ್ಲಿ ಮಲ್ಲಿಗೆ ಕೊಳ್ಳುವ ನಮ್ಮವರು ಹೂವಿಗೆ ‘ವಾಸನಾ’ ಇದೆಯೇ ಎಂದು ಕೇಳದಿರುವುದು ಕ್ಷೇಮ.

ಈ ಪದಗಳೆಲ್ಲ ಬಂದು ಕೂಡಿಕೊಂಡಿರುವ ಒಂದು ಮರ ಪಶ್ಚಿಮ ಘಟ್ಟದಲ್ಲಿದೆ. ಅದರ ಹೂ ನಾರುತ್ತದೆ. ಕನ್ನಡದಲ್ಲಿ ಅದು ‘ದುರ್ವಾಸನೆ ಮರ’. ಮರಾಠಿಯಲ್ಲಿ ‘ಘಾಣೇರಾ’, ಮತ್ತು ಕೇಳಿದೊಡನೆ ನರಕವನ್ನೇ ನೆನಪಿಸುವ ‘ನರಕ್ಯಾ’. ಸಸ್ಯಶಾಸ್ತ್ರಜ್ಞರು ಬಹುಕಾಲ ಕರೆದದ್ದು ‘ಮ್ಯಾಪಿಯಾ ಫೀಟಿಡಾ’, ಆ ಲ್ಯಾಟಿನ್ ‘ಫೀಟಿಡಾ’ಕ್ಕೂ ಅರ್ಥ ನಾರುವುದೆಂದೇ. ನಾಲ್ಕು ಹೆಸರು, ಒಂದೇ ಬೈಗುಳ. ಹೂವಿನಿಂದ ನಾರು ಸ್ವರ್ಗಕ್ಕೆ ಹೋದರೆ, ಇಲ್ಲಿ ಹೂವಿನಿಂದಾಗಿ ಇಡೀ ಮರವೇ ನರಕಕ್ಕೆ ಹೋಯಿತು.

ಶಾಸ್ತ್ರೀಯ ನಾಮದ ಮಟ್ಟಿಗೆ ಅದನ್ನು ಅಲ್ಲಿಂದ ಬಿಡಿಸಿದ್ದು ಮುಂಬಯಿ. ಅಲ್ಲಿನ ಅಂಚೆ ಅಧಿಕಾರಿ ಜಾನ್ ಗ್ರಹಾಂ ಮುಂಬಯಿ ಸುತ್ತಮುತ್ತಲಿನ ಗಿಡಮರಗಳ ಪಟ್ಟಿ ಮಾಡುತ್ತಿದ್ದಾಗಲೇ 1839ರಲ್ಲಿ ಖಂಡಾಲದಲ್ಲಿ ತೀರಿಕೊಂಡರು. ಉಳಿದ ಭಾಗವನ್ನು ಪೂರೈಸಿದವರು ಅವರ ಗೆಳೆಯ ಜೋಸೆಫ್ ನಿಮ್ಮೋ. ಅದೇ ಪಟ್ಟಿಯಲ್ಲಿ ಗ್ರಹಾಂ ಈ ಮರಕ್ಕೆ ಆ ಗೆಳೆಯನ ಹೆಸರು ಕಟ್ಟಿದ್ದರು. ಮೊದಲು ಅಚ್ಚಾದ ಹೆಸರಿಗೇ ಪಟ್ಟ ಎಂಬುದು ಸಸ್ಯನಾಮಗಳ ನಿಯಮ. ಹೀಗಾಗಿ ಕೊನೆಗೆ ‘ಫೀಟಿಡಾ’ ಬಿದ್ದುಹೋಗಿ ‘ನೋಥಾಪೊಡೈಟೀಸ್ ನಿಮ್ಮೋನಿಯಾನಾ’ ನಿಂತಿತು. ಆ ಕುಲನಾಮದ ಮೊದಲಲ್ಲಿರುವ ಗ್ರೀಕ್ ‘ನೋಥೋಸ್’ಗೆ ಹುಸಿ, ಅಸಲಿಯಲ್ಲದ್ದು ಎಂದು ಅರ್ಥ. ನಾತ ತಪ್ಪಿದರೂ ನಿಂದೆ ತಪ್ಪಲಿಲ್ಲ.

ಇಷ್ಟಕ್ಕೂ ಈ ಮರದ ಸುದ್ದಿ ಏಕೆ ಎಂದರೆ, ಅದರ ತೊಗಟೆ ಮತ್ತು ಕಾಂಡದಲ್ಲಿರುವ, ಕ್ಯಾನ್ಸರ್ ಔಷಧಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ಕ್ಷಾರಾಭಕ್ಕಾಗಿ. ಅದನ್ನು ಮೊದಲು ಬೇರ್ಪಡಿಸಿದ್ದು ಚೀನಾದ ಕ್ಯಾಂಪ್ಟೊಥೆಕಾ ಮರದಿಂದ. 1966ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅದನ್ನು ಪ್ರಕಟಿಸಿದ ಮನ್ರೋ ವಾಲ್ ಅವರ ಜೊತೆಗಾರ ಮನ್ಸುಖ್ ವಾಣಿ, ನಂದುರ್ಬಾರಿನಲ್ಲಿ ಹುಟ್ಟಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವರು. ಚೀನೀಯರು ಆ ಮರವನ್ನು ಕರೆಯುವುದು ಆನಂದದ ಮರವೆಂದು! ಅದೇ ಕ್ಷಾರಾಭ ನಮ್ಮ ದುರ್ವಾಸನೆ ಮರದಲ್ಲಿ, ಅದೂ ಹೆಚ್ಚಿನ ಪ್ರಮಾಣದಲ್ಲಿ ಇದೆಯೆಂದು 1972ರಲ್ಲಿ ತೋರಿಸಿಕೊಟ್ಟವರು ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್, ಜಾಗ, ಮುಂಬಯಿಯ ಉಪನಗರ ಗೋರೆಗಾಂವ್‌ನ ಸಿಬಾ ಸಂಶೋಧನಾ ಕೇಂದ್ರ.

ಜೀವಕೋಶ ವಿಭಜಿಸುವಾಗ ಡಿಎನ್ಎಯ ಸಿಕ್ಕು ಬಿಡಿಸಲು ಒಂದು ಕಿಣ್ವ ಅದರ ಒಂದು ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲೇ ಸಿಕ್ಕಿಕೊಂಡು ಬೆಸುಗೆಯನ್ನು ತಡೆಯುತ್ತದೆ, ಬೇಗಬೇಗ ವಿಭಜಿಸುವ ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ಇದು ನೀರಿನಲ್ಲಿ ಕರಗದು. ಲವಣವಾಗಿಸಿ ಕೊಟ್ಟ 1970ರ ದಶಕದ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಕೋಶವೇ ಕೆಟ್ಟಿತು. ಮುಂದೆ ಅದನ್ನು ತಿದ್ದಿ ಮಾಡಿದ ಟೋಪೊಟೆಕಾನ್‌ಗೆ ಮರುಕಳಿಸಿದ ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರಿಗೆ ಬಳಸಲು ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಹಾಗಾದರೆ ತೊಗಟೆಯ ಕಷಾಯ ಮಾಡಿ ಕುಡಿಯಬಹುದೇ ಎಂದು ಕೇಳುವವರಿಗೆ ಒಂದೇ ಮಾತು: ಕೂಡದು, ಅದು ವಿಷ.

ಪದಪ್ರಿಯರಾದ ನಾವು ಆ ‘ಟೆಕಾನ್’ ಬಾಲವನ್ನು ಹಿಡಿಯದೆ ಬಿಡಬಾರದು. ಗ್ರೀಕಿನ ‘ಥೇಕೇ’ ಎಂದರೆ ಪೆಟ್ಟಿಗೆ. ಗ್ರಂಥಾಲಯಕ್ಕೆ ಯುರೋಪಿನವರು ಹೇಳುವ ಬಿಬ್ಲಿಯೊಥೆಕಾದಲ್ಲಿ ಇರುವುದೂ ಅದೇ. ಬಾಗಿದ ಪರಾಗಪೆಟ್ಟಿಗೆಯ ಮರ ಕ್ಯಾಂಪ್ಟೊಥೆಕಾ, ಅದರಿಂದ ಕ್ಯಾಂಪ್ಟೊಥೆಸಿನ್, ಅದು ಸವೆದು ಟೋಪೊಟೆಕಾನ್, ಇರಿನೊಟೆಕಾನ್. ಈಗ ‘ಟೆಕಾನ್’ ಎಂಬುದು ಈ ವರ್ಗದ ಔಷಧಗಳಿಗೆಲ್ಲ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ ಪ್ರತ್ಯಯ. ಮುಂಬಯಿಯ ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಔಷಧದ ಚೀಟಿ ಹಿಡಿದು ನಿಂತವರು ಅರಿಯದೆಯೇ ಒಂದು ಗ್ರೀಕ್ ಪೆಟ್ಟಿಗೆಯ ಹೆಸರು ಹೇಳುತ್ತಾರೆ.

ಬೇಡಿಕೆ ಏರಿದಮೇಲೆ ಮರಾಠಿ ಸೀಮೆಯಲ್ಲಿ ನರಕ್ಯಾ ‘ಅಮೃತಾ’ ಎಂದೂ ಕರೆಸಿಕೊಂಡಿತು. ವ್ಯಾಪಾರಿಗಳಿಗೆ ಅಮೃತ, ಮರಕ್ಕೆ ಮಾತ್ರ ಕೊಡಲಿ. ಘಟ್ಟದ ಕಾಡುಗಳಲ್ಲಿ ಅದನ್ನು ಕಡಿದು ಸಾಗಿಸಿದ್ದು ಅಷ್ಟಿಷ್ಟಲ್ಲ. ಯಾವ ನೆಲೆಯ ಮರದಲ್ಲಿ ಸತ್ತ್ವ ಹೆಚ್ಚು ಎಂದು ಹುಡುಕಿ, ಉಳಿದ ತಳಿಗಳನ್ನು ಕಾಪಾಡುವ ಕೆಲಸಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದಿದ್ದಾರೆ.

‘ದುರ್ವಾಸನೆ ಮರ’ ಎಂಬುದು ಪುಸ್ತಕದವರು ಕಟ್ಟಿದ ಪದದಂತೆ ನನಗೆ ಕೇಳುತ್ತದೆ. ಕಾಡಿನಂಚಿನವರು ಇಷ್ಟು ಸಂಸ್ಕೃತ ಬಳಸಿ ಮರವನ್ನು ಬೈಯುವುದಿಲ್ಲ. ಕೊಡಗು, ಶಿವಮೊಗ್ಗ, ಉತ್ತರ ಕನ್ನಡದ ಓದುಗರು ತಮ್ಮೂರಿನ ಹಿರಿಯರು ಇದಕ್ಕೆ ಏನೆನ್ನುತ್ತಾರೆಂದು ಕೇಳಿ, ಊರಿನ ಹೆಸರಿನೊಂದಿಗೆ ಒಂದು ಕಾರ್ಡು ಬರೆದು ತಿಳಿಸಬೇಕು.