ಅಂಗಳದ ಹೊಂಬಣ್ಣ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಗಳಲ್ಲಿ ನಡೆಯುವವರು ಮನೆಗಳ ಮುಂದಣ ಹಳದಿ ಹೂಗಳನ್ನು ಒಮ್ಮೆ ನಿಂತು ನೋಡಬೇಕು. ಅರಿಸಿನವನ್ನು ಮಂಗಳವೆಂದು ಬಗೆದ ನಾಡಿನಲ್ಲಿ ಆ ಬಣ್ಣ ಎಲ್ಲರಿಗೂ ಪ್ರಿಯವಾದುದು ಸಹಜವೇ. ಆದರೆ ಆ ಗಿಡಗಳಲ್ಲಿ ನಮ್ಮ ಸೀಮೆಯ ನೀರಿನ ಚರಿತ್ರೆಯೂ ಅಡಗಿದೆ.

ಕನ್ನಂಬಾಡಿ ಕಟ್ಟೆಗೆ ಮೊದಲು ಈ ಸೀಮೆಯ ಬಹುಭಾಗ ಬೆದ್ದಲು. ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಉಳಿದೆಡೆ ರಾಗಿ, ಹುರುಳಿ, ಹುಚ್ಚೆಳ್ಳು. ಬದುಗಳಲ್ಲಿ ಯಾರೂ ಬಿತ್ತದೆ ಬೆಳೆಯುತ್ತಿದ್ದುದು ಆವರಿಕೆ. ಇದಕ್ಕೆ ತಂಗಡಿಯೆಂಬ ಹೆಸರೂ ಉಂಟು. ಹೂವಿನ ಬಣ್ಣ ಕಂಡವರು ಹೊನ್ನಾವರಿಕೆ ಎಂದರು. ಇದರ ತೊಗಟೆ ತೊಗಲನ್ನು ಹದಮಾಡಲು ಬೇಕಾದ ವಸ್ತು. ಎತ್ತುಗಳು ಬಾವಿಯಿಂದ ನೀರೆಳೆಯುತ್ತಿದ್ದ ಕಪಿಲೆಗೆ ತೊಗಲಿನ ಚೀಲವೇ ಆಧಾರ. ಹೀಗೆ ಒಣನೆಲದ ಗಿಡವೊಂದು ನೀರೆತ್ತುವ ಕೆಲಸಕ್ಕೂ ಒದಗುತ್ತಿದ್ದಿತು.

1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1930ರ ದಶಕದ ಮೊದಲಲ್ಲಿ ಪೂರೈಸಿತು. ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡು, ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಹುಲಿಕೆರೆಯ ಸುರಂಗವನ್ನು ದಾಟಿ ಈ ಮೂರು ತಾಲ್ಲೂಕುಗಳಿಗೂ ಕಾವೇರಿಯನ್ನು ತಂದಿತು. 1933ರಲ್ಲಿ ಸಕ್ಕರೆಯ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಬೆದ್ದಲು ಗದ್ದೆಯಾಯಿತು, ಅಂಗಳಕ್ಕೂ ನೀರು ಬಂದಿತು. ನೀರು ಬಂದೆಡೆ ಸೇವಂತಿಗೆಗೆ ಎಡೆಯಾಯಿತು. ಹಿಂದೆ ಚೀನಾದವರು ಪಳಗಿಸಿದ ಈ ಹೂ ದೇವರ ತಲೆಗೂ ಹೆಂಗಸರ ಮುಡಿಗೂ ಬೇಕಾದುದು. ಆವರಿಕೆಗೆ ಉಳಿದ ಹೆಸರೊಂದೇ: ಹಾಳುನೆಲದ ಗಿಡ.

ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ ಆವರಿಕೆಯನ್ನು ಕಿತ್ತೆಸೆಯಲು ನಾನೇ ಎರಡು ಬಾರಿ ಹೇಳಿದ್ದೆ. ತಾಯಿಯವರು ಬಿಡಲಿಲ್ಲ. "ಅದೇನು ನಿನ್ನನ್ನು ನೀರು ಕೇಳಿತೇನಪ್ಪ?" ಎಂದರು. 2023ರಲ್ಲಿ ಮುಂಗಾರು ಕೈಕೊಟ್ಟಿತು, ಕನ್ನಂಬಾಡಿ ತುಂಬಲಿಲ್ಲ. ನಾನು ಅಕ್ಕರೆಯಿಂದ ಸಾಲಾಗಿ ನೆಟ್ಟಿದ್ದ ಸೇವಂತಿಗೆ ಬುಡಸಹಿತ ಒಣಗಿತು. ಮೂಲೆಯ ಆವರಿಕೆ ಮಾತ್ರ ಗೊಂಚಲು ಗೊಂಚಲಾಗಿ ಅರಳಿ ನಿಂತಿತು. ಮಕ್ಕಳಿಗೆ ಚರಿತ್ರೆಯ ಮಾತು ಹೇಳುವ ನಾನು ನನ್ನ ಅಂಗಳದ ಚರಿತ್ರೆಯನ್ನೇ ಓದಿರಲಿಲ್ಲ.

ಹಾಗಾದರೆ ವರ್ಷವರ್ಷವೂ ಬಾಳುವ ಹಳದಿ ಹೂಗಳಲ್ಲಿ ಯಾವುದನ್ನು ಆರಿಸಬೇಕು? ನೀರನ್ನು ನೋಡಿ ಆರಿಸಬೇಕು. ಬಾವಿಯೋ ನಲ್ಲಿಯೋ ನೆಚ್ಚುವಂತಿದ್ದರೆ ಸೇವಂತಿಗೆ ಇರಲಿ. ಹೂ ಮುಗಿದ ಮೇಲೆ ಕಡ್ಡಿಯನ್ನು ಕತ್ತರಿಸಿದರೆ ಬುಡದಲ್ಲಿ ಮರಿಗಳು ಏಳುತ್ತವೆ, ಮಳೆಗಾಲದ ಮೊದಲಲ್ಲಿ ಅವನ್ನು ಬಿಡಿಸಿ ನೆಡಬಹುದು. ಜಾಗ ವಿಶಾಲವಾಗಿದ್ದರೆ ಸಂಪಿಗೆ. ಬೇಲಿಗೆ ಹಳದಿ ಹೂವಿನ ಮುಳ್ಳುಗೋರಟೆ. ನೀರು ನಿಲ್ಲದ ಬಿಸಿಲಿನ ಮೂಲೆಗೆ ಆವರಿಕೆ. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಅಮೆರಿಕ ಖಂಡದಿಂದ ಬಂದ ಚೆಂಡುಹೂ ಒಂದು ಫಸಲಿನ ಅತಿಥಿ, ಈ ಲೆಕ್ಕಕ್ಕೆ ಸೇರದು. ಅದೇ ಖಂಡದ ಹಳದಿ ಕಣಗಿಲೆ ಬಹುಕಾಲ ಬಾಳುತ್ತದೆ, ನೋಟಕ್ಕೂ ಚೆನ್ನ. ಆದರೆ ಅದರ ಬೀಜ ಪ್ರಾಣ ತೆಗೆಯುವ ವಿಷ. ಮಕ್ಕಳು ಆಡುವ ಮನೆಗೆ ಅದು ಸಲ್ಲದು.

ನಾಲೆ ನಮ್ಮ ಸೀಮೆಗೆ ಅನ್ನವಿತ್ತಿತು. ಆ ಋಣವನ್ನು ಮರೆಯಲಾಗದು. ಆದರೆ ನಾಲೆಯ ಕೊನೆಯ ಹಳ್ಳಿಯವರು ಬಲ್ಲರು, ನೀರು ಪ್ರತಿವರ್ಷವೂ ಬಂದೇ ಬರುವುದೆಂಬ ಭರವಸೆಯಿಲ್ಲ. ಆ ವರ್ಷಗಳಿಗಾಗಿ ಅಂಗಳದಲ್ಲಿ ಒಂದು ಆವರಿಕೆ ಇರಲಿ. ನಮ್ಮ ಮನೆಯದಕ್ಕೆ ಈಗ ನಾನೇ ಕಟ್ಟೆ ಕಟ್ಟಿಸಿದ್ದೇನೆ. ತಾಯಿಯವರು ನಕ್ಕು, "ಅದು ಕಟ್ಟೆಯನ್ನೂ ಕೇಳಿರಲಿಲ್ಲ" ಎಂದರು.